ಪ್ರಯಾಣ ಭತ್ಯೆಯಿಂದ ಆರಂಭವಾದ ಪಾಠ

ಮೈಸೂರಿನಲ್ಲಿ ಕಚೇರಿ ಇಟ್ಟುಕೊಂಡು ನಾಗಮಂಗಲ ಮತ್ತು ಮಳವಳ್ಳಿ ತಾಲ್ಲೂಕುಗಳ ಸ್ವಸಹಾಯ ಸಂಘಗಳೊಂದಿಗೆ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದಕ್ಕೆ ನಾನು ಸಂಯೋಜಕಿಯಾಗಿ ಸೇರಿದಾಗ, ನನ್ನ ಕೆಳಗೆ ಒಂಬತ್ತು ಮಂದಿ ಕ್ಷೇತ್ರ ಕಾರ್ಯಕರ್ತೆಯರಿದ್ದರು. ‘ನನ್ನ ಕೆಳಗೆ’ ಎಂಬ ಮಾತನ್ನು ಆಗ ಯೋಚಿಸದೆಯೇ ಬಳಸುತ್ತಿದ್ದೆ. ಪ್ರತಿ ತಿಂಗಳ ಐದನೆಯ ತಾರೀಖಿನೊಳಗೆ ವರದಿ ತರಿಸಿಕೊಳ್ಳುವುದೇ ನಿರ್ವಹಣೆಯೆಂದು ತಿಳಿದಿದ್ದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾದಾಗ, ಇನ್ನು ಪ್ರಯಾಣ ಭತ್ಯೆ ಬೇಕಿಲ್ಲವೆಂದು ನಮ್ಮ ಲೆಕ್ಕಪತ್ರದವರು ಸೂಚಿಸಿದರು. ನಾನೂ ಸಹಿ ಹಾಕಿದೆ. ಎರಡು ತಿಂಗಳಲ್ಲಿ ನಾಗಮಂಗಲ ಭಾಗದ ಹಳ್ಳಿ ಭೇಟಿಗಳು ಅರ್ಧಕ್ಕಿಳಿದವು. ಕಾರಣ ಕೇಳಿ ನೋಟಿಸು ಕೊಡುವ ಮುನ್ನ ಒಮ್ಮೆ ನೋಡಿ ಬರೋಣವೆಂದು ಅಲ್ಲಿನ ಕಾರ್ಯಕರ್ತೆಯೊಂದಿಗೆ ಹೊರಟೆ. ಬಸ್ಸು ನಮ್ಮನ್ನು ಮುಖ್ಯರಸ್ತೆಯಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಹಳ್ಳಿಗೆ ನಾಲ್ಕು ಕಿಲೋಮೀಟರು, ಜನ ತುಂಬುವವರೆಗೆ ಆಟೋ ಹೊರಡುವುದಿಲ್ಲ. ಸಂಘದ ಹೆಂಗಸರು ಹೊಲದಿಂದ ಬಂದು, ಹಾಲು ಕರೆದು ಡೈರಿಗೆ ಹಾಕಿ, ಸಭೆಗೆ ಕೂರುವಾಗ ಏಳು ಗಂಟೆಯಾಗಿತ್ತು. ಸಭೆ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸು ಹೋಗಿತ್ತು. ಆ ರಾತ್ರಿ ಇಬ್ಬರೂ ಸದಸ್ಯೆಯೊಬ್ಬರ ಮನೆಯಲ್ಲಿ ತಂಗಿದೆವು. ಇದನ್ನೆಲ್ಲ ಮೊದಲೇ ಹೇಳಬಾರದಿತ್ತೇ ಎಂದು ಕೇಳಿದಾಗ ಆಕೆ, “ವರದಿ ಎಲ್ಲಿ ಅಂತ ಕೇಳ್ತಿದ್ರಿ ಮೇಡಂ, ಹೆಂಗ್ ಹೋಗ್ತೀಯ ಅಂತ ಯಾರೂ ಕೇಳ್ನಿಲ್ಲ” ಎಂದರು.

ಮುಂದಾಳಾದವರು ಮೊದಲು ತಮ್ಮವರ ಸೇವಕರಾಗಿರಬೇಕೆನ್ನುವ ‘ಸೇವಕ ನಾಯಕತ್ವ’ದ ವಿಚಾರವನ್ನು ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಮಂಡಿಸಿದರೆಂದೂ, ನಾಯಕನಿಂದ ಸೇವೆ ಪಡೆದವರು ವ್ಯಕ್ತಿಗಳಾಗಿ ಬೆಳೆಯುತ್ತಿದ್ದಾರೆಯೇ ಎಂಬುದೇ ಅವರ ಒರೆಗಲ್ಲೆಂದೂ ನಾನು ತರಬೇತಿಗಳಲ್ಲಿ ಕೇಳಿದ್ದೆ. ಆದಿಚುಂಚನಗಿರಿ ಮಠವಿರುವ ನಾಗಮಂಗಲ ತಾಲ್ಲೂಕಿನಲ್ಲಿ ದಾಸೋಹ ಎಂದರೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಆದರೆ ಆ ಪದದೊಳಗಿನ ‘ನಾನು ದಾಸ’ ಎಂಬ ಅರ್ಥ ನನ್ನ ಕುರ್ಚಿಗೂ ಸಲ್ಲುತ್ತದೆಂದು ನನಗೆ ಹೊಳೆದದ್ದು ಆ ರಾತ್ರಿ.

ಮರುತಿಂಗಳಿನಿಂದ ಆಟೋ ಖರ್ಚನ್ನು ವೋಚರಿಗೆ ಕಾಯದೆ ಮುಂಗಡವಾಗಿ ಕೊಡತೊಡಗಿದೆವು. ಹದಿನಾಲ್ಕು ಪುಟಗಳ ವರದಿ ನಮೂನೆಯಲ್ಲಿ ದಾನಿಗಳು ನಿಜವಾಗಿ ಕೇಳಿದ್ದು ಮೂರು ಪುಟಗಳಷ್ಟೇ ಎಂದು ಪರಿಶೀಲಿಸಿದಾಗ ತಿಳಿಯಿತು, ಉಳಿದುದನ್ನು ಕೈಬಿಟ್ಟೆವು. ಮಾಸಿಕ ಸಭೆಯನ್ನು ಮೈಸೂರಿನಿಂದ ನಾಗಮಂಗಲಕ್ಕೂ ಮಳವಳ್ಳಿಗೂ ಸರದಿಯಂತೆ ಸ್ಥಳಾಂತರಿಸಿ, ಅಧ್ಯಕ್ಷತೆಯನ್ನು ಕಾರ್ಯಕರ್ತೆಯರಿಗೆ ಬಿಟ್ಟು, ನಡಾವಳಿ ಬರೆಯುವ ಕೆಲಸವನ್ನು ನಾನು ವಹಿಸಿಕೊಂಡೆ. ಬರೆಯುವವಳು ನಡುವೆ ಮಾತನಾಡಲಾರಳು. ನನಗೆ ಬೇಕಾಗಿದ್ದ ಕಡಿವಾಣ ಅದೇ ಆಗಿತ್ತು.

ಆದರೆ ಸೇವೆಯ ಹೆಸರಿನಲ್ಲಿ ನಾನು ಮಾಡಿದ ತಪ್ಪು ಭತ್ಯೆ ನಿಲ್ಲಿಸಿದ್ದಕ್ಕಿಂತ ದೊಡ್ಡದು. ಮಳವಳ್ಳಿಯ ಕಿರಿಯ ಕಾರ್ಯಕರ್ತೆಯೊಬ್ಬರಿಗೆ ಸಂಘಗಳ ಉಳಿತಾಯ ಮತ್ತು ಸಾಲದ ಲೆಕ್ಕ ಹೊಂದಿಸಲು ಕಷ್ಟವಾಗುತ್ತಿದ್ದುದರಿಂದ ಆರು ತಿಂಗಳು ಆ ಪುಸ್ತಕಗಳನ್ನು ನಾನೇ ಬರೆದುಕೊಟ್ಟೆ. ಬ್ಯಾಂಕಿನವರು ಸಾಲದ ಪರಿಶೀಲನೆಗೆ ಬಂದ ದಿನ, ತನ್ನದೇ ಸಂಘದ ಮರುಪಾವತಿಯ ವಿವರ ಹೇಳಲಾಗದೆ ಆಕೆ ಹತ್ತು ಹೆಂಗಸರ ಮುಂದೆ ತಲೆತಗ್ಗಿಸಿ ನಿಂತರು. ಆ ಅವಮಾನಕ್ಕೆ ನಾನೇ ಹೊಣೆ. ಆಮೇಲೆ ಪ್ರತಿ ಶನಿವಾರ ಪಕ್ಕದಲ್ಲಿ ಕುಳಿತೆ, ಪೆನ್ನು ಮಾತ್ರ ಮುಟ್ಟಲಿಲ್ಲ. ಹತ್ತು ನಿಮಿಷದಲ್ಲಿ ಮುಗಿಯುವ ಕೂಡುವ ಲೆಕ್ಕಕ್ಕೆ ಆಕೆಗೆ ಒಂದು ಗಂಟೆಯಾದರೂ ಸುಮ್ಮನಿರುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಇನ್ನೊಂದು ಪ್ರಸಂಗದಲ್ಲಿ ಎಲ್ಲರ ಮೆಚ್ಚಿನ ಹಿರಿಯ ಕಾರ್ಯಕರ್ತೆಯೊಬ್ಬರು ಮಗಳ ಆಸ್ಪತ್ರೆ ಖರ್ಚಿಗೆ ಸಂಘದ ಉಳಿತಾಯದ ಹಣವನ್ನು ಯಾರಿಗೂ ಹೇಳದೆ ಬಳಸಿಕೊಂಡಿದ್ದರು. ಹಣವನ್ನು ಹಿಂದಿರುಗಿಸಿದ್ದಾರೆ, ಈ ಸಲ ಬಿಟ್ಟುಬಿಡಿ ಎಂದು ತಂಡ ಒಟ್ಟಾಗಿ ಕೇಳಿಕೊಂಡಿತು. ಆ ಹಣ ದಿನಗೂಲಿಯಲ್ಲಿ ವಾರಕ್ಕಿಷ್ಟೆಂದು ಎತ್ತಿಟ್ಟವರದು, ಅವರನ್ನು ಬದಿಗಿಟ್ಟು ತಂಡಕ್ಕೆ ಸೇವಕಿಯಾಗಲು ನನ್ನಿಂದ ಆಗದೆಂದು ಹೇಳಿ ಆಕೆಯನ್ನು ಕೆಲಸದಿಂದ ಬಿಡಿಸಿದೆ. ಆ ನಿರ್ಧಾರ ಸರಿಯೆಂದು ಇಂದಿಗೂ ನಂಬಿದ್ದೇನೆ. ಆದರೆ ಅಂಥ ಕಷ್ಟಕ್ಕೆ ಕಾರ್ಯಕರ್ತೆಯರು ಕೈಗಡವಾಗಿ ಕೇಳಬಹುದಾದ ತುರ್ತು ನಿಧಿಯೊಂದು ನಮ್ಮಲ್ಲಿ ಇರಲಿಲ್ಲ. ಅದನ್ನು ಆರಂಭಿಸಿದ್ದು ಆಕೆ ಹೋದ ಮೇಲೆ.