ಬಾಸ್ಕ್ ಪ್ರಾಂತ್ಯದ ನಷ್ಟವನ್ನು ನಾನು ಲೆಕ್ಕ ಹಾಕಿದ ಬಗೆ

ಹಿಂಸೆ ನಡೆಯದಿದ್ದರೆ ಒಂದು ಪ್ರಾಂತ್ಯದ ಆದಾಯ ಎಷ್ಟಿರುತ್ತಿತ್ತು ಎಂಬುದನ್ನು ಅದೇ ದೇಶದ ಇತರ ಪ್ರಾಂತ್ಯಗಳ ಅಂಕಿಅಂಶಗಳಿಂದಲೇ ಕಟ್ಟಿ ತೋರಿಸುತ್ತೇನೆಂದಾಗ, ಪುಣೆಯಲ್ಲಿ ಇಂಥದೇ ಆರ್ಥಿಕ ಲೆಕ್ಕಾಚಾರದ ಕೆಲಸದಲ್ಲಿರುವ ನಮ್ಮ ಕನ್ನಡ ಬಳಗದವರು ಒಪ್ಪಲಿಲ್ಲ. ಸ್ಪೇನಿನ ಬಾಸ್ಕ್ ಪ್ರಾಂತ್ಯ ಹಿಂದೆ ಬಿದ್ದದ್ದು ಪ್ರತ್ಯೇಕ ಬಾಸ್ಕ್ ದೇಶಕ್ಕಾಗಿ ಹೋರಾಡಿದ ಇಟಿಎ ಎಂಬ ಸಶಸ್ತ್ರ ಸಂಘಟನೆಯ ಹತ್ಯೆಗಳಿಂದಲ್ಲ, 1973ರ ತೈಲ ಬಿಕ್ಕಟ್ಟಿನ ನಂತರ ಉಕ್ಕು ಮತ್ತು ಹಡಗು ಉದ್ಯಮ ಕುಸಿದದ್ದರಿಂದ ಎಂಬುದು ಅವರ ವಾದ.

ಅರ್ಥಶಾಸ್ತ್ರಜ್ಞರಾದ ಅಬಾದಿ ಮತ್ತು ಗಾರ್ದೆಯಾಸಾಬಾಲ್ 2003ರಲ್ಲಿ ಪ್ರಕಟಿಸಿದ ವಿಧಾನವನ್ನೇ ನಾನು ಹಿಡಿದೆ. ಬೇರೆ ಪ್ರಾಂತ್ಯಗಳನ್ನು ತಕ್ಕ ಪ್ರಮಾಣದಲ್ಲಿ, ಅಂದರೆ ತೂಕದಲ್ಲಿ, ಬೆರೆಸಿ ಹಿಂಸೆಗೆ ಮುನ್ನ ಬಾಸ್ಕ್ ಇದ್ದಂತೆಯೇ ಇರುವ ಕೃತಕ ಪ್ರಾಂತ್ಯವೊಂದನ್ನು ಕಟ್ಟಿ, ನಿಜವಾದ ಬಾಸ್ಕ್ ಅದಕ್ಕಿಂತ ಎಷ್ಟು ಹಿಂದೆ ಬಿತ್ತು ಎಂದು ನೋಡುವ ವಿಧಾನ ಅದು. 1955ರಿಂದ 1997ರವರೆಗಿನ ದತ್ತಾಂಶ ಈ ಲೆಕ್ಕಕ್ಕೆಂದೇ ಇರುವ 'ಸಿಂಥ್' ಎಂಬ ಸಾಫ್ಟ್‌ವೇರ್ ಪ್ಯಾಕೇಜಿನಲ್ಲೇ ಉಚಿತವಾಗಿ ಸಿಗುತ್ತದೆ. ದುಡ್ಡು ಹೋದದ್ದು ಬೇರೆಡೆ: ಜಾಫ್ನಾದ ರಾತ್ರಿ ಬೆಳಕಿನ ಉಪಗ್ರಹ ಚಿತ್ರಗಳಿಂದ ಶ್ರೀಲಂಕಾದ ಯುದ್ಧನಷ್ಟವನ್ನು ಅಳೆಯಲು ಡಿಸ್ಕ್, ಮೆಮೊರಿ, ಬಾಡಿಗೆ ಸರ್ವರ್ ಎಂದು ಸುಮಾರು 30,000 ರೂಪಾಯಿ ಸುರಿದೆ. ಯುದ್ಧಕಾಲದಲ್ಲಿ ಅಲ್ಲಿ ರಾಷ್ಟ್ರೀಯ ವಿದ್ಯುತ್ ಜಾಲದ ಸಂಪರ್ಕವೇ ಕಡಿದಿತ್ತು. ಸೀಮೆಎಣ್ಣೆ ದೀಪದಡಿ ನಡೆದ ವ್ಯಾಪಾರ ಉಪಗ್ರಹಕ್ಕೆ ಕಾಣುವುದಿಲ್ಲ. ಕತ್ತಲೆಯಲ್ಲಿ ತಂತಿಯ ಪಾಲೆಷ್ಟು, ಬಡತನದ ಪಾಲೆಷ್ಟು ಎಂದು ಬೇರ್ಪಡಿಸಲಾಗದೆ ಆ ಪ್ರಯೋಗವನ್ನು ಕೈಬಿಟ್ಟೆ. ಹಲವು ಉಪಗ್ರಹಗಳ ಅಳತೆಗಳನ್ನು ಒಂದಕ್ಕೊಂದು ಹೊಂದಿಸಿದ ನನ್ನ ಉಪಾಯ ಮಾತ್ರ ಚೆನ್ನಾಗಿ ಫಲಿಸಿತು. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಬಾಸ್ಕ್ ಲೆಕ್ಕದಲ್ಲಿ ಕತಲೂನಿಯಾಕ್ಕೆ ಸುಮಾರು 85, ಮ್ಯಾಡ್ರಿಡ್‌ಗೆ 15 ಶೇಕಡಾ ತೂಕ ಬಂದು, ತಲಾ ಆದಾಯದಲ್ಲಿ ಸರಿಸುಮಾರು ಶೇ. 10ರಷ್ಟು ಕೊರತೆ ಕಂಡಿತು. ಮೂಲ ಪ್ರಬಂಧದ ಫಲಿತಾಂಶವೂ ಅದೇ. ಆದರೆ ಇಷ್ಟಕ್ಕೇ ನಿಲ್ಲಿಸುವಂತಿರಲಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಆಸುಪಾಸಿನಲ್ಲಿ ಕತಲೂನಿಯಾ ತಾನೇ ವಿಶೇಷವಾಗಿ ಬೆಳೆದಿದ್ದರಿಂದ, ಅದನ್ನೇ ಅಳತೆಗೋಲಾಗಿ ಹಿಡಿದರೆ ಬಾಸ್ಕ್ ನಷ್ಟ ಇರುವುದಕ್ಕಿಂತ ದೊಡ್ಡದಾಗಿ ಕಾಣುವ ಅಪಾಯವಿತ್ತು. ಕತಲೂನಿಯಾವನ್ನು ಪೂರ್ತಿ ತೆಗೆದುಹಾಕಿ, ಕೋಥರೂಡಿನ ಮನೆಯಲ್ಲಿ ಮತ್ತೆ ಮತ್ತೆ ಲೆಕ್ಕ ಓಡಿಸಿದೆ. ಮೊದಲಿನಿಂದಲೂ ಸಿರಿವಂತವಾಗಿದ್ದ ಬಾಸ್ಕ್‌ಗೆ ಸಾಟಿಯಾಗಬಲ್ಲ ಪ್ರಾಂತ್ಯಗಳೇ ಕಡಿಮೆಯಾದ್ದರಿಂದ, ಹಿಂಸೆ ತೀವ್ರವಾಗುವ ಮುನ್ನ, 1970ಕ್ಕೆ ಹಿಂದಿನ ವರ್ಷಗಳಲ್ಲಿ, ಕೃತಕ ಪ್ರಾಂತ್ಯಕ್ಕೂ ನಿಜವಾದ ಬಾಸ್ಕ್ ಆದಾಯಕ್ಕೂ ಇದ್ದ ಹೊಂದಿಕೆ ಸಡಿಲವಾಯಿತು. ಕೊರತೆಯ ಗಾತ್ರ ಕದಲಿತು, ದಿಕ್ಕು ಕದಲಲಿಲ್ಲ.

ಉಕ್ಕಿನ ವಾದಕ್ಕೆ ಉತ್ತರ ಸಿಕ್ಕಿದ್ದು ಷೇರು ಬೆಲೆಗಳಲ್ಲಿ. 1998ರ ಸೆಪ್ಟೆಂಬರಿನಲ್ಲಿ ಇಟಿಎ ಕದನವಿರಾಮ ಸಾರಿತು. ಅದು ನಿಜವೆಂಬ ನಂಬಿಕೆ ಮೂಡಿದಾಗ ಬಾಸ್ಕ್ ವಹಿವಾಟಿನ ಕಂಪನಿಗಳ ಷೇರುಗಳು ಉಳಿದವನ್ನು ಮೀರಿ ಏರಿದವು, 1999ರ ಕೊನೆಯಲ್ಲಿ ವಿರಾಮ ಮುರಿದಾಗ ಇಳಿದವು. ಹಳೆಯ ಕುಲುಮೆಗಳು ಆ ಹದಿನಾಲ್ಕು ತಿಂಗಳಲ್ಲಿ ಹೊಸದಾಗಿ ಮತ್ತೆ ಹಳತಾಗಲು ಸಾಧ್ಯವಿಲ್ಲ; ಬದಲಾದದ್ದು ಭಯ ಮಾತ್ರ. ಈ ಭಾಗವನ್ನು ಮುಂದಿಟ್ಟ ಮೇಲೆ ಬಳಗದಲ್ಲಿ ಯಾರೂ ತೈಲದ ಮಾತೆತ್ತಲಿಲ್ಲ, ಮತ್ತು ಅವರಲ್ಲಿ ಇಬ್ಬರು ನನ್ನ ಕಡತಗಳನ್ನು ಪಡೆದು ತಮ್ಮದೇ ಲೆಕ್ಕ ಆರಂಭಿಸಿದ್ದಾರೆ.