‘ವಿದೇಶಿಯರ ಭಾರಿ ಮಾರಾಟ’: ಈ ಸುದ್ದಿ ಓದುವುದು ಹೇಗೆ?

ಷೇರು ಇಟ್ಟವರಿಗೆ ಈ ತಲೆಬರಹ ಕಂಡರೆ ಎದೆ ಧಸಕ್ಕೆನ್ನುತ್ತದೆ. ಇಲ್ಲದವರು ನಮಗೇಕೆ ಎಂದು ಪುಟ ತಿರುವುತ್ತಾರೆ. ಟೊಮೆಟೊಗೆ ಪೊಟ್ಯಾಶ್ ಹಾಕುವ ಕೋಲಾರದವರಿಗೂ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವವರಿಗೂ ಇದರಲ್ಲಿ ವಿಷಯವಿದೆ.

ಹೆಜ್ಜೆ 1: ಮಾರಿದ್ದು ಏನು?

ಷೇರೋ, ಸಾಲಪತ್ರವೋ (ಬಾಂಡ್), ಇಡೀ ಕಾರ್ಖಾನೆಯೋ ನೋಡಿ. ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಶೇ 10ಕ್ಕಿಂತ ಕಡಿಮೆ ಪಾಲಿದ್ದರೆ ಅದು ಪೋರ್ಟ್‌ಫೋಲಿಯೊ ಹೂಡಿಕೆ. ಬಂದಷ್ಟೇ ಬೇಗ ಹೊರಡಬಲ್ಲ ದುಡ್ಡು. ಕಾರ್ಖಾನೆಯ ಕಥೆ ಬೇರೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್, 2023ರಲ್ಲಿ ಆ ಘಟಕವನ್ನು 12.5 ಕೋಟಿ ಡಾಲರ್‌ಗೆ ಟಾಟಾ ಸಮೂಹಕ್ಕೆ ಮಾರಲು ಒಪ್ಪಿತು. ವಿದೇಶಿ ಕಂಪನಿ ಹೋಯಿತು, ಐಫೋನ್ ಜೋಡಣೆ ನಿಲ್ಲಲಿಲ್ಲ. ಇಂಥ ಕಡೆ ಕೇಳಬೇಕಾದ್ದು ಒಂದೇ: ಕೊಂಡವರು ಕಾರ್ಖಾನೆ ನಡೆಸುತ್ತಾರೋ, ಬೀಗ ಜಡಿಯುತ್ತಾರೋ?

ಹೆಜ್ಜೆ 2: ಕೊಂಡವರು ಯಾರು?

ಮಾರುವವರಿದ್ದರೆ ಕೊಳ್ಳುವವರೂ ಇರಲೇಬೇಕು. ಇದನ್ನು ತಲೆಬರಹ ಹೇಳುವುದಿಲ್ಲ. 2024ರ ಅಕ್ಟೋಬರ್ ಒಂದರಲ್ಲೇ ವಿದೇಶಿ ಹೂಡಿಕೆದಾರರು ನಮ್ಮ ಷೇರುಗಳಿಂದ ನಿವ್ವಳ ₹94,000 ಕೋಟಿ ಹಿಂತೆಗೆದರು. ಪೇಟೆ ಇಳಿಯಿತು, ಆದರೆ ಕುಸಿದು ಬೀಳಲಿಲ್ಲ. ಮ್ಯೂಚುವಲ್ ಫಂಡ್‌ಗಳು, ವಿಮಾ ಕಂಪನಿಗಳು ಕೊಂಡವು. ಅದೇ ತಿಂಗಳು ಎಸ್‌ಐಪಿ, ಅಂದರೆ ಜನ ಮ್ಯೂಚುವಲ್ ಫಂಡ್‌ಗೆ ಕಂತು ಕಂತಾಗಿ ಕಟ್ಟುವ ಹಣದ ಮೂಲಕವೇ ₹25,000 ಕೋಟಿಗೂ ಹೆಚ್ಚು ಬಂತು. ಹೀಗೆ ಕೈಬದಲಾದ ಷೇರಿನ ಮುಂದಿನ ಲಾಭಾಂಶ ದೇಶದೊಳಗೇ ಉಳಿಯುತ್ತದೆ. ಒಂದು ದಿನದ ಅಂಕಿಗೆ ಬೆಚ್ಚಬೇಡಿ, ಷೇರುಗಳ ಖಾತೆ ಇಡುವ ಸಂಸ್ಥೆ ಎನ್‌ಎಸ್‌ಡಿಎಲ್‌ನ ಜಾಲತಾಣದಲ್ಲಿ ತಿಂಗಳ ಲೆಕ್ಕ ನೋಡಿ. ಹಳೆ ಷೇರು ಮಾರಿದವರೇ ಹೊಸ ಐಪಿಒ (ಕಂಪನಿ ಮೊದಲ ಬಾರಿ ಸಾರ್ವಜನಿಕರಿಗೆ ಮಾರುವ ಷೇರು) ಕೊಳ್ಳುವುದೂ ಉಂಟು.

ಹೆಜ್ಜೆ 3: ಡಾಲರ್ ಎಲ್ಲಿಂದ ಬಂತು?

ಮಾರಿದವರ ಕೈಗೆ ಬರುವುದು ರೂಪಾಯಿ. ಊರಿಗೆ ಒಯ್ಯಲು ಅವರಿಗೆ ಡಾಲರ್ ಬೇಕು. ಎಲ್ಲರೂ ಒಟ್ಟಿಗೆ ಡಾಲರ್ ಕೇಳಿದರೆ ರೂಪಾಯಿ ಇಳಿಯುತ್ತದೆ. ಆಗ ರಿಸರ್ವ್ ಬ್ಯಾಂಕ್ ತನ್ನ ಸಂಗ್ರಹದಿಂದ ಡಾಲರ್ ಮಾರಿ ಇಳಿತದ ವೇಗ ತಗ್ಗಿಸುತ್ತದೆ. ಬದಲಿಗೆ ಪಡೆದ ರೂಪಾಯಿ ಬ್ಯಾಂಕುಗಳಿಂದ ಹೊರಗೆ ಹೋಗುವುದರಿಂದ ಸಾಲಕ್ಕೆ ಸಿಗುವ ಹಣವೂ ಬಿಗಿಯಾಗುತ್ತದೆ. ಈ ಎರಡನೇ ಪೆಟ್ಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ವಿದೇಶಿ ವಿನಿಮಯ ಸಂಗ್ರಹದ ಅಂಕಿ ಪ್ರತಿ ಶುಕ್ರವಾರ ಹೊರಬೀಳುತ್ತದೆ. 2024ರ ಸೆಪ್ಟೆಂಬರ್ ಕೊನೆಗೆ ಅದು 70,000 ಕೋಟಿ ಡಾಲರ್ ದಾಟಿತ್ತು. ಮುಂದಿನ ಜನವರಿಯಲ್ಲಿ 63,000 ಕೋಟಿಗಿಂತ ಕೆಳಗಿಳಿಯಿತು. ಅದರಲ್ಲಿ ಒಂದಷ್ಟು, ಸಂಗ್ರಹದಲ್ಲಿರುವ ಯೂರೊ ಮೊದಲಾದವುಗಳ ಬೆಲೆ ಇಳಿದದ್ದರಿಂದ. ನಿಜವಾಗಿ ಹೆದರಬೇಕಾದ್ದು 1991ರಂಥ ಸ್ಥಿತಿಗೆ: ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಡಾಲರ್ ಉಳಿದು, ಚಿನ್ನ ಅಡವಿಡಬೇಕಾಗಿ ಬಂದಿತ್ತು.

ಹೆಜ್ಜೆ 4: ಕಾರಣ ನಮ್ಮದೋ, ಅವರದೋ?

2013ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಸಾಲಪತ್ರ ಖರೀದಿ ತಗ್ಗಿಸುವ ಸುಳಿವು ಕೊಟ್ಟಿತಷ್ಟೇ, ಅಲ್ಲಿ ಬಡ್ಡಿ ಏರುತ್ತದೆಂದು ಹೂಡಿಕೆದಾರರು ದುಡ್ಡು ಹಿಂತೆಗೆದರು, ಆಗಸ್ಟ್ ಹೊತ್ತಿಗೆ ಡಾಲರ್ ₹68 ದಾಟಿತು. ಇಂಡೊನೇಷ್ಯಾ, ಬ್ರೆಜಿಲ್ ಕರೆನ್ಸಿಗಳೂ ಜೊತೆಗೇ ಇಳಿದಿದ್ದರೆ ಬೇರು ಹೊರಗಿದೆ ಎಂದು ತಿಳಿಯಿರಿ.

ಹೆಜ್ಜೆ 5: ನಿಮ್ಮ ಮನೆ ಲೆಕ್ಕ ಹಾಕಿ

ರೂಪಾಯಿ ಇಳಿದರೆ ಆಮದು ಸರಕು ದುಬಾರಿ. ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು, ಅಡುಗೆ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು, ಪೊಟ್ಯಾಶ್ ಬಹುತೇಕ ಪೂರ್ತಿ ಆಮದು. ಗೊಬ್ಬರದ ಏರಿಕೆಯನ್ನು ಒಂದಷ್ಟು ಮಟ್ಟಿಗೆ ಸರ್ಕಾರದ ಸಬ್ಸಿಡಿ ಹೊರುತ್ತದೆ. ಅಂಗಡಿಯಲ್ಲಿ ಬೇಗ ಕಾಣುವುದು ಎಣ್ಣೆಯ ದರವೇ. ರೇಷ್ಮೆಯಲ್ಲಿ ಲೆಕ್ಕ ತಿರುಗುಮುರುಗು: ರೂಪಾಯಿ ಇಳಿದರೆ ಚೀನಾ ರೇಷ್ಮೆ ದುಬಾರಿ, ನಮ್ಮ ಗೂಡಿನ ದರಕ್ಕೆ ಆಸರೆ. ಸೌತೆಮಿಡಿ ರಫ್ತು ಮಾಡುವ ತುಮಕೂರಿನವರಿಗೂ ಪ್ರತಿ ಡಾಲರ್‌ಗೆ ಹೆಚ್ಚು ರೂಪಾಯಿ, ಅದರಲ್ಲಿ ಬೆಳೆಗಾರನ ಪಾಲೆಷ್ಟು ಎಂಬುದು ಮಾತ್ರ ಒಪ್ಪಂದದ ಮೇಲೆ.

ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆಯೇ? 20,000 ಡಾಲರ್ ಶುಲ್ಕಕ್ಕೆ ಡಾಲರ್ ₹5 ಏರಿದರೆ ಲಕ್ಷ ರೂಪಾಯಿ ಹೆಚ್ಚುವರಿ. ಕಂತಿನ ದಿನದವರೆಗೆ ಕಾಯದೆ ಈಗಲೇ ಬ್ಯಾಂಕಿನಲ್ಲಿ ದರ ವಿಚಾರಿಸಿ.