ಒಸಡಿನಲ್ಲಿ ರಕ್ತ ಬರುತ್ತಿದೆಯೇ? ಹಲ್ಲು ಅಲುಗಾಡುವ ಮೊದಲೇ ಹೀಗೆ ಮಾಡಿ

ಬ್ರಷ್ ಮಾಡಿ ಉಗುಳಿದರೆ ನೊರೆ ಕೆಂಪಗೆ ಬರುತ್ತದೆ. ನೋವಿಲ್ಲವಲ್ಲ ಅಂತ ಸುಮ್ನೆ ಇದ್ದುಬಿಡುತ್ತೇವೆ. ಒಸಡಿನ ರೋಗ ಬೆಳೆಯುವುದೇ ಹೀಗೆ, ನೋವಿಲ್ಲದೆ.

ಮೊದಲು ನೀವೇ ನೋಡಿಕೊಳ್ಳಿ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ನಾಲಿಗೆ ಆಡಿಸಿ. ಒರಟಾಗಿ ತಾಗುತ್ತದೆಯೇ? ಅದು ಗಟ್ಟಿಯಾದ ಪಾಚಿ, ಡಾಕ್ಟರ್ ಟಾರ್ಟರ್ ಅನ್ನುವುದು ಇದನ್ನೇ. ಜೊಲ್ಲು ಬರುವ ನಾಳಗಳು ಅಲ್ಲೇ ತೆರೆಯುವುದರಿಂದ ಆ ಜಾಗದಲ್ಲಿ ಜಾಸ್ತಿ. ಎಷ್ಟು ಉಜ್ಜಿದರೂ ಬ್ರಷ್‌ಗೆ ಅದು ಬಿಡುವುದಿಲ್ಲ.

ಆಮೇಲೆ ಕನ್ನಡಿ ಹಿಡಿದು ಬೆಳಕಿಗೆ ಬನ್ನಿ. ಒಸಡು ಊದಿಕೊಂಡು ಮಿರಮಿರ ಹೊಳೆಯುತ್ತಿದ್ದರೆ ರೋಗ ಶುರುವಾಗಿದೆ. ನಮ್ಮಲ್ಲಿ ಅನೇಕರ ಒಸಡು ಹುಟ್ಟಿನಿಂದಲೇ ಕಪ್ಪು, ಅದಕ್ಕೆ ಹೆದರಬೇಡಿ. ಯಾದಗಿರಿ ಕಡೆ ಕೆಲವು ಊರುಗಳ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದು ಬಣ್ಣವಾಗುತ್ತದಲ್ಲ, ಅದೂ ಬೇರೆಯೇ. ಬೀಡಿ, ಸಿಗರೇಟ್ ಸೇದುವವರು ಮಾತ್ರ ರಕ್ತ ಬರುತ್ತಿಲ್ಲ ಅಂತ ನಿಶ್ಚಿಂತರಾಗಬಾರದು. ನಿಕೋಟಿನ್ ರಕ್ತನಾಳಗಳನ್ನು ಬಿಗಿಸಿ ರೋಗವನ್ನೇ ಮುಚ್ಚಿಡುತ್ತದೆ. ತಂಬಾಕು-ಸುಣ್ಣ ಒತ್ತಿಕೊಳ್ಳುವ ಜಾಗದಲ್ಲಂತೂ ಒಸಡು ಸರಿದು ಬೇರು ಕಾಣುತ್ತದೆ.

ಒಸಡು ಬರೀ ಊದಿ ರಕ್ತ ಬರುವ ಹಂತದಲ್ಲಿ ಎಲ್ಲವೂ ಸರಿಹೋಗುತ್ತದೆ. ಬಿಟ್ಟರೆ ಒಸಡು ಹಲ್ಲಿನಿಂದ ಬಿಡಿಸಿಕೊಂಡು ಸಂದು ಆಳವಾಗುತ್ತದೆ. ಆರೋಗ್ಯವಂತರಲ್ಲಿ ಆ ಸಂದು 1ರಿಂದ 3 ಮಿಲಿಮೀಟರ್. ಅದಕ್ಕಿಂತ ಆಳವಾದರೆ ಒಳಗೆ ಕೀವು, ಬಾಯಿ ವಾಸನೆ, ಕೊನೆಗೆ ಹಲ್ಲು ಹಿಡಿದ ಎಲುಬೇ ಕರಗುತ್ತದೆ. ಕರಗಿದ ಎಲುಬು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಹುಳುಕಿಲ್ಲದ ಗಟ್ಟಿ ಹಲ್ಲು ಕೂಡ ಅಲುಗಾಡಿ, ಕಟಕ ರೊಟ್ಟಿ ಕಡಿಯಲಾರದಂತಾಗುತ್ತದೆ.

ಉಜ್ಜುವುದು ಹೀಗೆ: ಮೆತ್ತನೆ ಬ್ರಷ್, ದಿನಕ್ಕೆ ಎರಡು ಸಲ, ಎರಡು ನಿಮಿಷ. ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಮೆಲ್ಲಗೆ ಆಡಿಸಿ. ರಕ್ತ ಬಂತು ಅಂತ ಆ ಜಾಗ ಬಿಡಬೇಡಿ, ಅಲ್ಲೇ ಪಾಚಿ ಕೂತಿರುವುದು. ಇದ್ದಿಲು, ಮಿಶ್ರಿ (ಸುಟ್ಟ ತಂಬಾಕಿನ ಪುಡಿ) ಬೇಡವೇ ಬೇಡ.

ಗಟ್ಟಿಯಾದ ಪಾಚಿ ತೆಗೆಯಲು ಸ್ಕೇಲಿಂಗ್, ಅಂದರೆ ದಂತ ವೈದ್ಯರಿಂದ ಕ್ಲೀನ್ ಮಾಡಿಸುವುದು, ಆಗಲೇಬೇಕು. ಕಲಬುರಗಿಯಲ್ಲಿ ನಿಜಲಿಂಗಪ್ಪ, ಅಲ್-ಬದರ್ ದಂತ ಕಾಲೇಜುಗಳಿವೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲಾಗುತ್ತದೆ ಎಂಬ ಹೆದರಿಕೆ ನಮ್ಮ ಮನೆಗಳಲ್ಲಿ ಬಹಳ. ಸಂದಿಯಲ್ಲಿ ತುಂಬಿದ್ದ ಟಾರ್ಟರ್ ಹೋದಾಗ ಜಾಗ ಖಾಲಿ ಕಾಣುತ್ತದೆ, ಅಷ್ಟೇ. ಕೆಲವು ದಿನ ತಣ್ಣೀರು ಜುಮ್ ಅನ್ನಿಸಬಹುದು. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ: ಸಕ್ಕರೆ ಏರಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಹೋಗುವಾಗ ಇತ್ತೀಚಿನ ಶುಗರ್ ರಿಪೋರ್ಟ್ ಜೊತೆಗಿರಲಿ.